ನಿಮ್ಮ ಸಾಫ್ಟ್‌ವೇರ್ ಬೇಡವೆಂದವಳು ನಾನೇ

ಪ್ರಭಾಕರನ್ ಚಿತ್ತಪ್ಪಾ,

ನಮ್ಮಪ್ಪನನ್ನು ನೀವು ಅಣ್ಣಾ ಎನ್ನುತ್ತಿದ್ದಿರಿ, ಹಾಗಾಗಿ ನನಗೆ ಚಿತ್ತಪ್ಪನಾದಿರಿ. ದಿಂಡಿಗಲ್ಲಿನ ಆ ನೂಲಿನ ಗಿರಣಿಯಲ್ಲಿ ನಮ್ಮ ಮನೆಮಾತು ಕನ್ನಡ ಆಡುವವರು ನೀವಿಬ್ಬರೇ ಇದ್ದಿರಿ. ನಿಮ್ಮನ್ನು ಅಲ್ಲಿಗೆ ಸೇರಿಸಿದ್ದೂ ಅಪ್ಪನೇ. ನೀವು ಮೇಲೇರಿ ಮ್ಯಾನೇಜರ್ ಆದಿರಿ. ಅಪ್ಪ ಪೆರಿಯಣ್ಣನ್ ಮಾತ್ರ ಕೆಲಸಗಾರರ ಫೈಲುಗಳಿರುವ ಕೋಣೆಯಲ್ಲೇ ಉಳಿದರು. ನಿಮ್ಮ ಏಳಿಗೆ ಕಂಡು ಅವರಿಗಿದ್ದ ಹೆಮ್ಮೆ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಸುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟವರು ನೀವು. ಅವಸರದಲ್ಲಿ ಹಾಳೆಗಳ ಒಂದೇ ಬದಿಯನ್ನು ಸ್ಕ್ಯಾನ್ ಮಾಡಿಸಿ, ಮೂಲ ಕಾಗದಗಳನ್ನು ಗುಜರಿ ಲಾರಿಗೆ ತುಂಬಿಸಿದವರೂ ನೀವೇ. "ಒರಿಜಿನಲ್ ಒಂದಿನ ಕೇಳ್ತಾರಪ್ಪಾ" ಎಂದು ಅಪ್ಪ ಅಡ್ಡ ನಿಂತರೆ ನಕ್ಕುಬಿಟ್ಟಿರಿ. ಆಮೇಲೆ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಕೆಲಸಗಾರ್ತಿ ಅಮುದಾಳ ಕೇಸು ಕೋರ್ಟಿಗೆ ಹೋಯಿತು. ಅವಳ ಅಪಘಾತದ ವರದಿಯ ಮೂಲ ಪ್ರತಿ ಬೇಕೆಂದರು. ಅದು ಎಲ್ಲಿಂದ ಬರಬೇಕು? ಶಿಫ್ಟ್ ಬಿಡುವ ಹೊತ್ತಿಗೆ, ಗಿರಣಿಯ ಗೇಟಿನಲ್ಲಿ, ಎಲ್ಲರ ಎದುರು ನೀವು ಹೇಳಿದಿರಿ: "ಪೆರಿಯಣ್ಣನ್ ಕದ್ದು ಗುಜರಿಯವನಿಗೆ ತೂಕಕ್ಕೆ ಹಾಕಿಬಿಟ್ಟಿದ್ದಾನೆ." ಅಣ್ಣಾ ಎನ್ನುತ್ತಿದ್ದ ಬಾಯಿ ಅದು. ಕಾವಲುಗಾರ ಅಪ್ಪನ ಬುತ್ತಿ ಚೀಲ ಬಿಚ್ಚಿಸಿ ನೋಡಿದ.

ಕೆಲಸ ಹೋಯಿತು, ನಾವು ನಮ್ಮೂರು ತೇವಾರಕ್ಕೆ ವಾಪಸು ಬಂದೆವು. ಆಮೇಲೆ ಅಪ್ಪ ಚಹಾದಂಗಡಿಯ ಬೆಂಚಿನ ಮೇಲಿದ್ದ ಪತ್ರಿಕೆಯನ್ನೂ ಮುಟ್ಟಲಿಲ್ಲ. ಓದಿ ಅಂತ ಯಾರಾದರೂ ಕೊಟ್ಟರೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹಾಗೆಯೇ ತೀರಿಕೊಂಡರು.

ಗಿರಣಿ ಬಿಟ್ಟ ನೀವು ಹೋದ ತಿಂಗಳು ಕಂಬಂನ ನಮ್ಮ ದ್ರಾಕ್ಷಿ ಬೆಳೆಗಾರರ ಕಂಪನಿಗೆ ಸಾಫ್ಟ್‌ವೇರ್ ಮಾರಲು ಬಂದಾಗ ನಿಮಗೆ ನನ್ನ ಗುರುತು ಹತ್ತಲಿಲ್ಲ. ಹತ್ತದಿರಲಿ ಎಂದೇ ನಾನೂ ತಮಿಳಿನಲ್ಲಿ ಮಾತಾಡಿದೆ. ರೈತರು ಹೆಬ್ಬೆಟ್ಟೊತ್ತಿದ ಕರಾರು ಒಂದು ಕಡೆ, ಹೊರದೇಶದ ವ್ಯಾಪಾರಿಗಳ ಇಮೇಲ್ ಇನ್ನೊಂದು ಕಡೆ. ಎರಡನ್ನೂ ಒಂದೇ ಜಾಗದಲ್ಲಿ ಕಾಪಿಡುವ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ಅಧ್ಯಕ್ಷ ಪಳನಿಸಾಮಿಯವರು ನನಗೆ ವಹಿಸಿದ್ದರು. ಬಂದವರ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡ ಕೂಡಲೇ ಹೊಡೆದುಹಾಕಬಹುದಿತ್ತು. ಹಾಗೆ ಮಾಡಿದ್ದರೆ ನೀವು ಸುಮ್ಮನೆ ಇನ್ನೊಂದು ಬಾಗಿಲಿಗೆ ಹೋಗುತ್ತಿದ್ದಿರಿ. ನನಗೆ ನೀವು ಎದುರು ಕೂರಬೇಕಿತ್ತು.

ಪರದೆಯ ಮೇಲೆ ಒಂದು ಕರಾರನ್ನು ಚಂದವಾಗಿ ತೋರಿಸಿದಿರಿ. ಇದರ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಯಾರ ಕೈಯಲ್ಲಿದೆ ಎಂದು ಕೇಳಿದೆ. "ಸ್ಕ್ಯಾನ್ ಇದ್ದ ಮೇಲೆ ಪೇಪರ್ ಯಾಕೆ ಮೇಡಂ?" ಎಂದಿರಿ. ಅದೇ ನಗು. ಕೋರ್ಟಿನಲ್ಲಿ ಕೇಸಿರುವ ಕಾಗದವನ್ನು ಯಾರೋ ನಾಶಮಾಡಹೊರಟರೆ ನಿಮ್ಮ ಸಾಫ್ಟ್‌ವೇರ್ ತಡೆಯುತ್ತದೆಯೇ ಎಂದೆ. ಅದನ್ನೆಲ್ಲ ಫೈಲ್ ನೋಡಿಕೊಳ್ಳುವವನು ನೋಡಿಕೊಳ್ಳುತ್ತಾನೆ ಎಂದಿರಿ. ಆಗ ನಮ್ಮ ಮನೆಮಾತಿಗೆ ತಿರುಗಿದೆ.

"ಲಾರಿಗೆ ತುಂಬ್ಸಿ ಅಂದೋರು ಯಾರು ಅಂತ ಇದು ಯೋಳ್ತದಾ, ಚಿತ್ತಪ್ಪಾ?"

ನಿಮ್ಮ ಕೈ ಮೌಸಿನ ಮೇಲೆಯೇ ನಿಂತುಬಿಟ್ಟಿತು. "ಜೆಯಂತಿಯಾ?" ಎಂದಿರಿ. ಅಧ್ಯಕ್ಷರು ನಿಮ್ಮ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲವನ್ನೂ ಅಲ್ಲಿಯೇ ಹೇಳಿದೆ, ನಿಮ್ಮ ಮುಂದೆಯೇ. ನೀವು ಲ್ಯಾಪ್‌ಟಾಪ್ ಮಡಚಿಕೊಂಡು ಎದ್ದಿರಿ.

ನ್ಯಾಯ ಮಾಡಿದೆನೆಂದು ಕೊಚ್ಚಿಕೊಳ್ಳುವುದಿಲ್ಲ. ಅದು ಸೇಡು, ನನಗೆ ಅದು ರುಚಿಸಿತು. ನಿಮ್ಮ ಸಾಫ್ಟ್‌ವೇರ್ ನಿಜಕ್ಕೂ ಕೆಟ್ಟದಾಗಿದ್ದದ್ದು ನನ್ನ ಪುಣ್ಯ.

ಮಾರನೆಯ ದಿನ ಮಾವಿನಹಣ್ಣಿನ ಬುಟ್ಟಿ ಹಿಡಿದು ನೀವು ಅತ್ತಿಗೆ ಎನ್ನುತ್ತಿದ್ದ ನಮ್ಮಮ್ಮನ ಬಳಿ ಹೋದಿರಂತೆ. "ತಪ್ಪಾಯ್ತು ಅಣ್ಣೀ, ನಿಮ್ ಮಗಳಿಗೆ ಒಂದ್ ಮಾತು ಯೋಳಿ" ಎಂದಿರಂತೆ. ಅಮ್ಮ ನಿಮ್ಮನ್ನು ಒಳಗೆ ಕರೆಯಲಿಲ್ಲ. "ಇಲ್ಲಿ ಯೋಳ್‌ಬ್ಯಾಡ. ಕಳ್ಳ ಅಂದದ್ದು ಮಿಲ್ ಗೇಟಲ್ಲಿ. ಅಲ್ಲಿ ಹೋಗಿ ಯೋಳು" ಎಂದಳಂತೆ. ಬುಟ್ಟಿಯನ್ನು ಬೀದಿಯ ಹಸು ಮುಗಿಸಿತು.

ನೀವು ಗೇಟಿಗೆ ಹೋಗಲಿಲ್ಲ. ವಿಚಾರಿಸಿದೆ.

ನಿನ್ನೆ ಬೇರೆಯವರ ಸಾಫ್ಟ್‌ವೇರ್ ಕೊಂಡೆವು. ಪೆಟ್ಟಿಗೆ ಎಲ್ಲಿದೆ, ಕಾಗದ ಯಾರು ಒಯ್ದರು, ನಾಶಕ್ಕೆ ಅಪ್ಪಣೆ ಕೊಟ್ಟವರಾರು, ಎಲ್ಲವನ್ನೂ ಅದು ಹೇಳುತ್ತದೆ. ನಿಮ್ಮದನ್ನು ಬಿಟ್ಟದ್ದೇಕೆಂದು ನಿರ್ಣಯದಲ್ಲಿ ಬರೆಸಿದ್ದೇನೆ. ದಿಂಡಿಗಲ್, ಪೆರಿಯಕುಳಂ ಕಡೆಯ ಕಂಪನಿಗಳು ನಮ್ಮ ಅನುಭವ ಕೇಳುತ್ತಿವೆ, ನಿಮ್ಮ ಹಳೆಯ ಗಿರಣಿಯೂ ಕೇಳಿದೆ. ಕೇಳಿದವರಿಗೆಲ್ಲ ಪ್ರತಿ ಕಳಿಸುತ್ತಿದ್ದೇನೆ. ಗಿರಣಿಗೆ ಮಾತ್ರ ಜೊತೆಗೊಂದು ಪತ್ರ ಇಟ್ಟಿದ್ದೇನೆ, ಗೇಟಿನ ಬೋರ್ಡಿಗೆ ಅಂಟಿಸಿರೆಂದು. ನೀವು ಆಡಲಾರದ ಮಾತನ್ನು, ಕಾಗದ ಲಾರಿಗೆ ತುಂಬಿಸಿದ್ದು ಅಪ್ಪನಲ್ಲ ನೀವು ಎಂಬುದನ್ನು, ನಾನೇ ಬರೆದು ಸಹಿ ಹಾಕಿದ್ದೇನೆ. ಅಂಟಿಸಿದ್ದೇವೆಂದು ಇಂದು ಬೆಳಗ್ಗೆ ಫೋನ್ ಬಂತು.

ದೇವರು ನಿಮಗೆ ತುಂಬು ಆಯುಷ್ಯ ಕೊಡಲಿ. ಕಣ್ಣು, ಕಿವಿ ಚುರುಕಾಗಿರಲಿ. ಮರೆವು ಮಾತ್ರ ಎಂದಿಗೂ ಬಾರದಿರಲಿ.

ಇನ್ನು ನಿಮಗೆ ಯಾರೂ ಅಲ್ಲದ,
ಪೆರಿಯಣ್ಣನ್ ಮಗಳು ಜೆಯಂತಿ