ಮೇಡಂ ತಿನ್ನಬಾರದ ಜಾಮೂನು

ಅಮ್ಮಾ,

ನೀನು ಹೋದ ಮೇಲೆ ಇಂದಿರಾನಗರದ ಮೇಡಂ ಅಡುಗೆಗೆ ನನ್ನನ್ನೇ ಕರೆದರು. ಅವರ ಶುಗರ್‌ಗೆಂದು ನೀನು ಮಾಡುತ್ತಿದ್ದ ಎಣ್ಣೆ ಕಮ್ಮಿ ಪಲ್ಯ, ಮೆಂತ್ಯದ ರೊಟ್ಟಿ ಈಗ ನನ್ನ ಕೆಲಸ. ನಿನಗೂ ಅದೇ ಕಾಯಿಲೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಲ್ವಾ?

ಸಂಜೆ ಕಗ್ಗದಾಸಪುರದ ನಮ್ಮ ಒಂದೇ ಕೋಣೆಗೆ ನೀನು ಡಬ್ಬಿ ಹಿಡಿದು ಬರುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮೇಡಂ ತಿನ್ನಬಾರದ ಜಾಮೂನು, ಲಾಡು, ಅವರ ಮೊಮ್ಮಗಳ ಹುಟ್ಟುಹಬ್ಬದ ಕೇಕು ಎಲ್ಲ ನಮಗೆ. ನೀನು ತಿನ್ನಬೇಡ ಎಂದು ನಾನು ಹೇಳಿದರೆ, "ಹೊಟ್ಟೆ ಹಸೀತಿದೆ ಕಣೇ, ಈಗ ಸೊಪ್ಪು ಸೋಸಿ ಬೇಯ್ಸೋ ತನಕ ಯಾರು ಕಾಯ್ತಾರೆ?" ಎನ್ನುತ್ತಿದ್ದೆ. ಅಲ್ಲೇ ಬೇಡ ಅಂದುಬಿಡು ಎಂದರೆ, "ಯಾಕೆ ಅಂತ ಕೇಳ್ತಾರೆ. ಕಾಯಿಲೆಯವಳು ಅಂತ ಗೊತ್ತಾದ್ರೆ ಬೇರೆಯವ್ರನ್ನ ಇಟ್ಕೋತಾರೆ."

ಅನ್ನ ಕಮ್ಮಿ ಮಾಡಿ, ತರಕಾರಿ ಜಾಸ್ತಿ ತಿನ್ನಿ ಎಂದು ಡಾಕ್ಟರು ಹೇಳಿದ ದಿನ ನೀನು ಬಸ್ಸಿನಲ್ಲಿ ನಕ್ಕೆ. "ರೇಷನ್‌ನವ್ರು ಅಕ್ಕಿ ಕೊಡ್ತಾರೆ, ಇವ್ರು ಅನ್ನ ಬೇಡ ಅಂತಾರೆ. ಇಬ್ರೂ ಒಂದ್ಸಲ ಕೂತು ಮಾತಾಡ್ಕೊಳ್ಳಿ!" ಆಮೇಲೆ ನಿನ್ನದೇ ವೈದ್ಯ ಶುರುವಾಯಿತು. ಅನ್ನ ನೀರಿನಲ್ಲಿ ನೆನೆಸಿಟ್ಟರೆ ಸಕ್ಕರೆಯೆಲ್ಲ ನೀರಿಗೆ ಇಳಿಯುತ್ತದಂತೆ. ಬೆಳಿಗ್ಗೆ ನೀನು ಆ ಅನ್ನ ತಿಂದು, ನೀರು ಚೆಲ್ಲಲು ಮನಸ್ಸು ಬಾರದೆ, ಉಪ್ಪು ಬೆರೆಸಿ ಅದನ್ನೂ ಕುಡಿಯುತ್ತಿದ್ದೆ. ಎಷ್ಟು ರೇಗಿಸುತ್ತಿದ್ದೆ ನಿನ್ನನ್ನು! ಈಗ ನೆನೆದರೆ ಅಳು ಬರುತ್ತದೆ.

ನಿನ್ನ ಕಾಲಿನ ಗಾಯ ಮಾಯದೆ ಕುಂಟುತ್ತಿದ್ದಾಗಲೂ ಮೇಡಂಗೆ "ಚಪ್ಪಲಿ ಕಚ್ಚಿದೆ" ಎಂದೇ ಹೇಳಿದೆ. ಆ ಗಾಯವೇ ನಿನ್ನನ್ನು ಕರೆದುಕೊಂಡು ಹೋಯಿತು. ಹಲಸೂರು ಮಾರ್ಕೆಟ್ಟಿನಲ್ಲಿ ಅವರಿಗೆಂದು ಎಳೆ ಸೊಪ್ಪು ಆರಿಸುತ್ತಿದ್ದವಳು ನೀನು. ಅದರಲ್ಲಿ ಒಂದು ಹಿಡಿ ನಿನ್ನ ತಟ್ಟೆಗೂ ಬಂದಿದ್ದರೆ...

ಹೋದ ತಿಂಗಳು ನನಗೂ ಶುಗರ್ ಅಂದರು, ಅಮ್ಮಾ. ನೀನಿದ್ದಿದ್ದರೆ ನಿನಗೆ ಹೇಳುತ್ತಿರಲಿಲ್ಲವೇನೋ. ನಿನ್ನೆ ಮೇಡಂ ಮೈಸೂರು ಪಾಕು ಕಟ್ಟಿಕೊಡಲು ಬಂದಾಗ ನಿನ್ನ ಭಯವೇ ನೆನಪಾಯಿತು. ಆದರೂ ಬಾಯಿ ಬಿಟ್ಟೆ.

"ಬೇಡ ಮೇಡಂ. ನಂಗೂ ಶುಗರ್ ಇದೆ."

ಅವರು ಪಾಕಿನ ಡಬ್ಬಿ ಮುಚ್ಚಿದರು. "ಹಾಗಿದ್ರೆ ನಾಳೆಯಿಂದ..." ಎಂದಾಗ ಕೆಲಸ ಹೋಯಿತು ಎಂದುಕೊಂಡೆ. "ಪಲ್ಯ ಇಬ್ರಿಗೂ ಆಗೋ ಹಾಗೆ ಮಾಡು. ಇಲ್ಲೇ ಊಟ ಮಾಡ್ಕೊಂಡು ಹೋಗು."

ಅಷ್ಟೇ. ನೀನು ಹೇಳಿದ್ದರೂ ಇದೇ ಮಾತು ಬರುತ್ತಿತ್ತಾ, ಅಥವಾ ನೀನು ಹೆದರಿದ್ದೇ ಆಗುತ್ತಿತ್ತಾ? ಯಾರನ್ನು ಕೇಳಲಿ?

ಇವತ್ತು ಮಧ್ಯಾಹ್ನ ಆ ಅಡುಗೆಮನೆಯಲ್ಲಿ ಕೂತೆ. ಪಲ್ಯ ತಟ್ಟೆಗೆ ಬಡಿಸಿಕೊಂಡೆ. ಅಳುತ್ತಲೇ ತಿಂದೆ, ಅಮ್ಮಾ. ನಾಳೆಯೂ ತಿನ್ನುತ್ತೇನೆ.

ನಿನ್ನ ಮಗಳು