ಮಳೆಮರಕ್ಕೆ ಹತ್ತಿದ ಚೀಲದ ಹುಳು

ಆಗಸ್ಟ್ 11
ಕುಕ್ಕರ್ ಇಟ್ಟು, ಇಸ್ತ್ರಿ ಬಟ್ಟೆ ಕೊಡಲು ಗೇಟಿಗೆ ಹೋದೆ. ಚೌಡಕ್ಕನ ಇಸ್ತ್ರಿ ಬಂಡಿ ಎಂದಿನಂತೆ ನಮ್ಮ ಮಳೆಮರದ ನೆರಳಲ್ಲಿ. ಅಂಗಿಯ ಮೇಲೆ ಬಿದ್ದದ್ದನ್ನು ತೋರಿಸಿದಳು — ಕಡ್ಡಿ, ಎಲೆಚೂರು ಅಂಟಿಸಿಕೊಂಡ ಪುಟ್ಟ ಚೀಲ. ಒಳಗೆ ಹುಳು. ಚೀಲ ಹೊತ್ತುಕೊಂಡೇ ನಡೆಯುತ್ತದೆ.
"ರಸ್ತಿ ಆಚಿ ಮರಕ್ಕೂ ಹತ್ಯಾವ್ರಿ ಅಕ್ಕಾರ. ಔಷಧ ಹೊಡಸ್ರಿ."
ಭಾನುವಾರ ನೋಡೋಣ ಎಂದೆ.

ಸೆಪ್ಟೆಂಬರ್ 20
ಬ್ಯಾಂಕಿನಲ್ಲಿ ಆಡಿಟ್, ಮಗಳು ಕೀರ್ತನಾಳ ಪರೀಕ್ಷೆ... ಮರೆತೇಬಿಟ್ಟೆ. ಎರಡೂ ಮರ ಅರ್ಧ ಬೋಳು. ಚೌಡಕ್ಕ ಎಟುಕಿದ ಚೀಲಗಳನ್ನು ಕಿತ್ತು ಸೋಪಿನ ನೀರಿಗೆ ಹಾಕುತ್ತಿದ್ದಾಳೆ. ಔಷಧದಂಗಡಿ ಮರುಳಪ್ಪನವರನ್ನು ಕರೆಸಿದೆ.
"ಮರಿ ಇದ್ದಾಗ ಬೇವಿನೆಣ್ಣಿ ಹೊಡದಿದ್ರ ಸಾಕಿತ್ರಿ. ಈಗ ಚೀಲದ ಬಾಯಿ ಬಿಗಕೊಂಡಾವು, ಔಷಧ ಒಳಗ ಹೋಗಂಗಿಲ್ಲ. ಹೆಣ್ಣಿಗೆ ರೆಕ್ಕಿ ಇಲ್ಲ — ಚೀಲದಾಗ ತತ್ತಿ ಇಟ್ಟು ಅಲ್ಲೇ ಸಾಯ್ತತಿ. ಕಿತ್ತು ಸುಡ್ರಿ, ಇಲ್ಲಾಂದ್ರ ಮತ್ತ ಮರಿ."
ಮೇಲಿನ ಕೊಂಬೆ ಹತ್ತುವವರು ಯಾರು?

ಅಕ್ಟೋಬರ್ 14
ಒಂದೆಲೆಯೂ ಇಲ್ಲ. ಒಣಗಿದ ಕೊಂಬೆ ಯಾರ ತಲೆಯ ಮೇಲಾದರೂ ಬಿದ್ದರೆ? ನಮ್ಮವರೂ ಕಡಿಸು ಎಂದರು. ಎರಡೂ ಮರ ಕಡಿಯಲು ಅರಣ್ಯ ಇಲಾಖೆಯ ಪರ್ಮಿಷನ್ ಬಂತು.
"ಇನ್ನೊಂದೀಟು ದಿನ ತಡೀರಿ ಅಕ್ಕಾರ," ಎಂದಳು ಚೌಡಕ್ಕ. "ಚಿಗುರಿದ್ರ?"
"ಸತ್ತ ಮರ ಚಿಗರ್ತೈತೇನ ಚೌಡಕ್ಕ?"
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು.

ಅಕ್ಟೋಬರ್ 17
ನಮ್ಮದನ್ನು ಕಡಿದರು. ಆಚೆಯದು ವೈರಿನ ಕೆಳಗಿದೆ, ಲೈನ್‌ಮನ್ ಬಂದ ಮೇಲೆ.
ಅರ್ಧಕ್ಕೇ ಗರಗಸ ನಿಲ್ಲಿಸಿ ಒಬ್ಬ ಹೇಳಿದ: "ಒಳಗ ಹಸಿ ಐತಲ್ರಿ."
ಅಲ್ಲೇ ನಿಂತಿದ್ದೆ. ಸಾಕು, ನಿಲ್ಲಿಸು ಎನ್ನಲಿಲ್ಲ. ಯಾಕೆ ಎನ್ನಲಿಲ್ಲ...

ಅಕ್ಟೋಬರ್ 25
ಚೌಡಕ್ಕ ಬಿಸಿಲಲ್ಲೇ ಇಸ್ತ್ರಿ. ಮಧ್ಯಾಹ್ನ ತಲೆಸುತ್ತು ಬಂದು ಕುಸಿದಳು. ಮಜ್ಜಿಗೆ ಕೊಟ್ಟೆ.

ನವೆಂಬರ್ 2
ಬಂಡಿ ಇಲ್ಲ. ನಮ್ಮ ಹಗರಿಬೊಮ್ಮನಹಳ್ಳಿ ಬಿಟ್ಟು ಕೂಡ್ಲಿಗಿಯ ತಮ್ಮನ ಮನೆಗೆ ಹೋದಳಂತೆ.

ನವೆಂಬರ್ 9
ಆಚೆ ಮರ ಚಿಗುರಿದೆ. ಕೊಂಬೆ ಕೊಂಬೆಗೂ.
ಮರುಳಪ್ಪನವರಿಗೆ ಫೋನ್ ಮಾಡಿದೆ. "ಎಲಿ ತಿಂದ್ರ ಇಂಥ ಮರ ಸಾಯಂಗಿಲ್ರಿ. ಕಡಸ್ತೀನಿ ಅಂತ ನೀವು ಹೇಳಲೇ ಇಲ್ಲಲ್ಲ?"
ಲೈನ್‌ಮನ್‌ಗೆ ಬರುವುದು ಬೇಡವೆಂದೆ. ಏಣಿ ತರಿಸಿ ಉಳಿದ ಚೀಲಗಳನ್ನೆಲ್ಲ ಕೀಳಿಸಿ ಸುಡಿಸಿದೆ. ಆಗಸ್ಟಿನಲ್ಲಿ ಮಾಡಬೇಕಿದ್ದ ಕೆಲಸ.

ನವೆಂಬರ್ 16
ಕೂಡ್ಲಿಗಿಗೆ ಹೋಗಿಬಂದೆ. ಚೌಡಕ್ಕ ಒಂದು ಅಂಗಡಿಯ ತಗಡಿನ ಕೆಳಗೆ ಇಸ್ತ್ರಿ ಮಾಡುತ್ತ ನಿಂತಿದ್ದಳು. ನೀರು ಕೊಟ್ಟಳು. ಕೀರ್ತನಾ ಪಾಸಾದಳೇ ಎಂದು ಕೇಳಿದಳು.
"ಆಚಿ ಮರ ಚಿಗುರೈತಿ. ಬಂದುಬಿಡು."
"ಚಲೋ ಆತು ಬಿಡ್ರಿ. ಇಲ್ಲಿ ಈಗ ಗಿರಾಕಿ ಹತ್ಯಾರ. ಮತ್ತ ಕಿತ್ಕೊಂಡು ಬರೋದು ನನ್ ಕೈಲಿ ಆಗಂಗಿಲ್ರಿ."
ಸಿಟ್ಟಿರಲಿಲ್ಲ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.
ಬಸ್ಸು ಬಂತು. ಹೇಳಲೆಂದು ಹೋದ ಮಾತು ಹೇಳಲೇ ಇಲ್ಲ. ಚೌಡಕ್ಕ, ಅವತ್ತು ಒಳಗ ಹಸಿ ಐತಿ ಅಂದಾಗ ನಾನು —