ಗಿಳಿಯ ಹೊಟ್ಟೆಯೊಳಗಿನ ಅಡಾಪ್ಟರ್

ಜೂನ್ 3, ಸೋಮವಾರ, ಬೆಳಗ್ಗೆ

ಮಿಸ್ಟರ್ ಆಫೀಸಿಗೆ ಹೊರಟ. ಮದುವೆಯಾಗಿ ತಿಂಗಳಾಯಿತು, ಇನ್ನೂ ಗೇಟಿನ ತನಕ ಹೋಗಿ ಟಾಟಾ ಮಾಡುತ್ತೇನೆ. ತುಂಬಾ ಸಿಲ್ಲಿ. ಇರಲಿ.

ಈ ಮನೆಯಲ್ಲಿ ಎಲ್ಲದಕ್ಕೂ ಕಸೂತಿ ಕವರ್. ರಿಮೋಟಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ. ಎಲ್ಲ ಅತ್ತೆಯ ಕೈಕೆಲಸ. ನನ್ನ ವಸ್ತುಗಳಿಗೆ ಮಾತ್ರ ಇನ್ನೂ ಇಲ್ಲ... ಹೊಸಬಳು ತಾನೇ.

ಸಂಜೆ

ಅತ್ತೆಯ ಹಳೇ ಲ್ಯಾಪ್‌ಟಾಪ್ ಮಲಗಿತು. ಬ್ಯಾಟರಿ ಹೋಗಿ ಎಷ್ಟೋ ಕಾಲ, ಈಗ ಅಡಾಪ್ಟರೂ ಹೋಯಿತು. ಕಸೂತಿ ಮೆಷಿನ್ನಿಗೆ ಡಿಸೈನ್ ಹೋಗುವುದು ಅದರಿಂದಲೇ. ಶನಿವಾರ ಶಾಲೆಯ ಬ್ಯಾಂಡಿನವರಿಗೆ ಬ್ಯಾಡ್ಜ್ ಕೊಡಬೇಕು. ಮುಖ ಸಣ್ಣ ಮಾಡಿಕೊಂಡು ಕೂತಿದ್ದರು.

"ಚಾರ್ಜರ್ ತಾನೇ ಅತ್ತೆ, ನಾನು ತರ್ತೀನಿ," ಅಂದುಬಿಟ್ಟೆ. ಒಳ್ಳೇ ಸೊಸೆ ಅನ್ನಿಸಿಕೊಳ್ಳಲು ಇದಕ್ಕಿಂತ ಬೇರೆ ಚಾನ್ಸ್ ಬೇಕೇ?

ಜೂನ್ 4

ಹೊಸ ಚಾರ್ಜರಿನ ವೋಲ್ಟ್ ಹಳೆಯದರಷ್ಟೇ ಇರಬೇಕಂತೆ. ಆಂಪ್ಸ್ ಅಷ್ಟೇ, ಇಲ್ಲವೇ ಜಾಸ್ತಿ. ಪಿನ್ ಸರಿಯಾಗಿ ಕೂರಬೇಕು. ಅಂಗಡಿಯವನು ಹಳೆಯದರ ಲೇಬಲ್ ಕೇಳಿದ. ಬ್ಯಾಗಿನಿಂದ ತೆಗೆದುಕೊಟ್ಟೆ.

"ಮೇಡಂ, ಇದು ಗಿಳಿ."

"ಲೇಬಲ್ ಗಿಳಿ ಹೊಟ್ಟೆ ಒಳಗಿದೆ."

"ಹಾಗಾದ್ರೆ ಬಿಚ್ಚಿ."

ಅಡಾಪ್ಟರಿಗೂ ಅತ್ತೆಯ ಗಿಳಿ ಆಕಾರದ ಕವರ್, ಸುತ್ತಲೂ ಹೊಲಿದು ಮುಚ್ಚಿದ್ದು. ಅತ್ತೆಯ ಗಿಳಿಗೆ ಕತ್ತರಿ ಹಾಕುವ ಧೈರ್ಯ ಯಾವ ಸೊಸೆಗಿದೆ? ಲ್ಯಾಪ್‌ಟಾಪಿನ ತಳದ ಅಕ್ಷರಗಳೂ ಅಳಿಸಿವೆ. ಈ ಹಳೇ ಮಾಡೆಲ್‌ಗಳು ಹೆಚ್ಚಾಗಿ 19 ವೋಲ್ಟ್ ಅಂದ. ಪಿನ್ ನೋಡಿ ಒಂದು ತಂದೆ. ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತಾನೆ.

ಜೂನ್ 5

ಲೈಟ್ ಬಂತು. ಕುಣಿದೆ. ಡಿಸೈನ್ ತೆರೆದ ಕೂಡಲೇ ಆಫ್. ಮತ್ತೆ ಆನ್, ಮತ್ತೆ ಆಫ್. ಹೊಸ ಅಡಾಪ್ಟರ್ ಕಾದ ಕಾವಲಿ. ಹೇಳಲೇಬೇಕಾಯಿತು — ಲೇಬಲ್ ನೋಡದೆ ತಂದೆ, ಗಿಳಿ ಬಿಚ್ಚಲು ಭಯವಾಯಿತು.

"ನಾನೇನು ಹುಲೀನಾ? ಕೇಳಿದ್ರೆ ಬಿಚ್ಚಿ ಕೊಡ್ತಿರ್ಲಿಲ್ವಾ?"

ಅತ್ತೆ ಕನ್ನಡಕ ಏರಿಸಿ ಒಂದೊಂದೇ ಹೊಲಿಗೆ ಬಿಚ್ಚಿದರು. 19 ವೋಲ್ಟ್, 4.74 ಆಂಪ್ಸ್. ನಾನು ತಂದದ್ದು 3.42. ಸಾಲುವುದಾದರೂ ಹೇಗೆ? ಗಿಳಿಯ ಒಳಮೈ ಪೂರ್ತಿ ಕಂದಿಹೋಗಿತ್ತು. ಹೇಳಲೋ ಬೇಡವೋ...

"ಅತ್ತೆ, ಅಡಾಪ್ಟರಿಗೆ ಗಾಳಿ ಬೇಕು. ಕವರ್ ಒಳಗೆ ಬೆಂದುಹೋಗಿದೆ ಅನ್ಸುತ್ತೆ."

ಕಂದಿದ ಬಟ್ಟೆಯನ್ನು ಬೆರಳಲ್ಲಿ ಸವರಿ ನೋಡಿದರು.

"ಪಾಪದ್ದಕ್ಕೆ ಬೇಸಿಗೇಲೂ ಸ್ವೆಟರ್ ತೊಡಿಸಿದ್ನಾ?"

ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನೂ. ಮಿಸ್ಟರ್ ಬಂದು ಏನಾಯ್ತು ಅಂದ. "ನಿಂಗೆ ಗೊತ್ತಾಗಲ್ಲ ಬಿಡೋ," ಅಂದರು ಅತ್ತೆ, ನನ್ನ ಕೈ ಹಿಡಿದುಕೊಂಡೇ.

ಜೂನ್ 8, ಶನಿವಾರ

ಬದಲಿಸಿ ತಂದದ್ದು ಸರಿಹೋಯಿತು. ಬ್ಯಾಡ್ಜ್‌ಗಳು ಬೆಳಗ್ಗೆಯೇ ಹೋದವು. ಹೊಸ ಅಡಾಪ್ಟರ್ ಬರಿಮೈಯಲ್ಲಿ ಕೂತಿದೆ. ವಯರಿಗೆ ಮಾತ್ರ ಪುಟ್ಟ ಬಟ್ಟೆಯ ಪಟ್ಟಿ, ಹಸಿರು ದಾರದಲ್ಲಿ ವೋಲ್ಟ್, ಆಂಪ್ಸ್. ಪಕ್ಕದಲ್ಲಿ ಬೆರಳುಗುರಿನಷ್ಟು ಗಿಳಿ. ಅತ್ತೆ ಗಿಳಿಯನ್ನು ಬಿಡಲಾರರು.

ಈಗ ಬಾಗಿಲಲ್ಲಿ ನಿಂತಿದ್ದಾರೆ, ಕೊರಳಲ್ಲಿ ಅಳತೆ ಟೇಪು.

"ದಿನಾ ಏನೋ ಬರೀತೀಯಲ್ಲ, ಆ ಡೈರಿ ಕೊಡು ಇಲ್ಲಿ. ಓದಲ್ಲ ಕಣೇ, ಅಳತೆ ತಗೊಂಡು ಕೊಡ್ತೀನಿ. ಇದಕ್ಕೇನೂ ಗಾಳಿ ಬೇಡ ತಾನೇ?"

ಬೇಡ ಅತ್ತೆ. ಒಂದೇ ನಿಮಿಷ, ಈ ಸಾಲು ಮುಗಿ—